ಓದು ಕಲಿಸುವವರ ಓದು



ಇವತ್ತಿನ ಮಾತು ಒಂದೇ ವಿಷಯದ್ದು. ನಮ್ಮ ಮಗುವಿಗೆ ಮೊಟ್ಟಮೊದಲು ಓದು ಕಲಿಸುವವರು ಯಾರು? ಆ ಕೆಲಸಕ್ಕೆ ಅವರು ಏನು ಓದಿರಬೇಕು? ಅವರ ಕೈಯಲ್ಲಿರುವ ಪ್ರಮಾಣಪತ್ರ ಯಾವುದಕ್ಕೆ ಪ್ರಮಾಣ?

ಯಡೂರನ್ನು ಕಣ್ಣ ಮುಂದಿಟ್ಟುಕೊಂಡು ಈ ಮಾತು ಆಡುತ್ತೇನೆ. ಚಿಕ್ಕೋಡಿ ತಾಲೂಕಿನ ಯಡೂರು. ಕೃಷ್ಣೆಯ ದಂಡೆಯ ಊರು. ವೀರಭದ್ರ ದೇವರ ಊರು. ಸುತ್ತ ಕಬ್ಬಿನ ಗದ್ದೆ. ಸ್ವಲ್ಪ ದೂರ ಹೋದರೆ ಕೊಲ್ಲಾಪುರ ಜಿಲ್ಲೆ. ಜಾತ್ರೆಯ ದಿನ ಗುಡಿಯ ಮುಂದೆ ನಿಂತರೆ ಕನ್ನಡ, ಮರಾಠಿ ಎರಡೂ ಸಮಸಮ ಕೇಳುತ್ತವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲೂಕುಗಳ ಸ್ವಭಾವ ಇದೇ. ಒಂದೇ ಓಣಿಯಲ್ಲಿ ಕನ್ನಡದ ಮನೆ, ಮರಾಠಿಯ ಮನೆ, ಉರ್ದುವಿನ ಮನೆ. ಕಬ್ಬಿನ ಹಂಗಾಮು ಬಂತೆಂದರೆ ಹೊರಗಿನಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಗ್ಯಾಂಗಿನ ಜೊತೆ ಮಕ್ಕಳೂ ಬರುತ್ತಾರೆ.

ಇಂಥ ಊರಿನ ಒಂದನೆಯ ತರಗತಿಯಲ್ಲಿ ಸುಮಾರು ಇಪ್ಪತ್ತೈದು ಮಕ್ಕಳು ಕೂತಿದ್ದಾರೆ ಎಂದುಕೊಳ್ಳಿ. ಅವರೆಲ್ಲ ಮೂರು ವರ್ಷದೊಳಗೆ ಕನ್ನಡ ಓದಬೇಕು. ಬರೀ ಉಚ್ಚರಿಸಿದರೆ ಸಾಲದು. ಓದಿದ್ದು ತಿಳಿಯಬೇಕು. ತಿಳಿದದ್ದನ್ನು ತಮ್ಮ ಮಾತಿನಲ್ಲಿ ಬರೆಯಬೇಕು. ಈ ಕೆಲಸ ಒಬ್ಬ ಶಿಕ್ಷಕಿಯ ಮೇಲಿದೆ.

ನಮ್ಮಲ್ಲಿ ಒಂದು ತಿಳಿವಳಿಕೆ ಬೇರು ಬಿಟ್ಟಿದೆ. "ಒಂದನೇತ್ತೆ ಏನ್ರಿ, ಅ ಆ ಇ ಈ ತಿದ್ದಿಸೂದು, ಅದಕ್ಕೇನ್ ದೊಡ್ಡ ಓದು ಬೇಕು?" ಎಂದು ಪಾಲಕರು ಕೇಳುತ್ತಾರೆ. ಪಾಲಕರು ಹಾಗೆ ಕೇಳಿದರೆ ಅಚ್ಚರಿಯಿಲ್ಲ. ಆದರೆ ಎಷ್ಟೋ ಶಾಲೆಗಳ ವೇಳಾಪಟ್ಟಿಯೂ ಅದನ್ನೇ ಹೇಳುತ್ತದೆ. ಅನುಭವಿ ಶಿಕ್ಷಕರು ಆರು, ಏಳನೆಯ ತರಗತಿಗೆ. ಹೊಸದಾಗಿ ಬಂದವರು, ಅತಿಥಿ ಶಿಕ್ಷಕರು ಒಂದನೆಯ ತರಗತಿಗೆ. ಇದು ತಲೆಕೆಳಗಾದ ಲೆಕ್ಕ ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳುತ್ತೇನೆ.

ಮೊದಲು ಕನ್ನಡದ ಲಿಪಿಯನ್ನೇ ನೋಡೋಣ. ವರ್ಣಮಾಲೆಯಲ್ಲಿ 49 ಅಕ್ಷರ. ಅಲ್ಲಿಗೆ ಮುಗಿಯಲಿಲ್ಲ. ವ್ಯಂಜನ 34. ಒಂದೊಂದಕ್ಕೂ ಕಾಗುಣಿತ. ಕ, ಕಾ, ಕಿ, ಕೀ ಎಂದು ಹೊರಟರೆ ಹದಿನೈದು ರೂಪ. ಗುಣಿಸಿದರೆ ಐನೂರು ದಾಟುತ್ತದೆ. ಅದರ ಮೇಲೆ ಒತ್ತಕ್ಷರ. "ಅಕ್ಕ" ಎಂಬ ಪದದಲ್ಲಿ ಒಂದು "ಕ" ಮೇಲಿದೆ, ಇನ್ನೊಂದು ಅದರ ಬುಡದಲ್ಲಿ ಸಣ್ಣದಾಗಿ ಕೂತಿದೆ. ಇನ್ನು "ಸೂರ್ಯ" ಎಂಬ ಪದ ತೆಗೆದುಕೊಳ್ಳಿ. ಬಾಯಲ್ಲಿ "ರ" ಮೊದಲು ಬರುತ್ತದೆ, "ಯ" ಆಮೇಲೆ. ಹಾಳೆಯ ಮೇಲೆ "ಯ" ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಕಿವಿಯ ಕ್ರಮ ಬೇರೆ, ಕಣ್ಣಿನ ಕ್ರಮ ಬೇರೆ. ದೊಡ್ಡವರಾದ ನಮಗೆ ಇದು ಗೊತ್ತೇ ಆಗುವುದಿಲ್ಲ. ಆರು ವರ್ಷದ ಮಗು ಅಲ್ಲಿ ನಿಂತುಬಿಡುತ್ತದೆ.

ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗವನ್ನು ಅಳೆದು ನೋಡಿದವರು ಸೊನಾಲಿ ನಾಗ್. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನಲ್ಲಿದ್ದಾಗ ಮಾಡಿದ ಆ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಅದರ ಸಾರ ಹೀಗಿದೆ. ಇಪ್ಪತ್ತು ಮೂವತ್ತು ಅಕ್ಷರಗಳ ಲಿಪಿಯನ್ನು ಮಕ್ಕಳು ಒಂದು ವರ್ಷದಲ್ಲಿ ಬಹುಮಟ್ಟಿಗೆ ಹಿಡಿದುಬಿಡಬಹುದು. ಕನ್ನಡದ ಅಕ್ಷರಗಳು ಗಟ್ಟಿಯಾಗಲು ಮೂರು, ನಾಲ್ಕು ವರ್ಷವೇ ಬೇಕು. ಆದರೆ ನಮ್ಮ ಪಾಠಪುಸ್ತಕಗಳು, ಪರೀಕ್ಷೆಗಳು ಒಂದನೆಯ ತರಗತಿಯಲ್ಲೇ ಅಕ್ಷರ ಮುಗಿಯಿತೆಂದು ಮುಂದೆ ನಡೆಯುತ್ತವೆ. ಮಗು ಹಿಂದೆ ಉಳಿಯುತ್ತದೆ.

ಎಷ್ಟು ಹಿಂದೆ? ಪ್ರಥಮ್ ಸಂಸ್ಥೆ ಹಳ್ಳಿಹಳ್ಳಿಗೆ ಹೋಗಿ ಮಕ್ಕಳನ್ನು ಓದಿಸಿ ನೋಡುತ್ತದೆ. ಅಸರ್ ಎಂದು ಆ ಸಮೀಕ್ಷೆಯ ಹೆಸರು. 2022ರ ಲೆಕ್ಕ ಹೇಳುತ್ತೇನೆ. ಗ್ರಾಮೀಣ ಕರ್ನಾಟಕದ ಐದನೆಯ ತರಗತಿಯಲ್ಲಿ, ಎರಡನೆಯ ತರಗತಿಯ ಮಟ್ಟದ ಪಾಠವನ್ನು ಸರಾಗ ಓದಿದವರು ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು. ಉಳಿದಿಬ್ಬರು ಓದಲಿಲ್ಲ. ಈ ಉಳಿದಿಬ್ಬರು ದಡ್ಡರಲ್ಲ. ಇವರಲ್ಲಿ ಹೆಚ್ಚಿನವರು ಶಾಲೆ ತಪ್ಪಿಸಿದವರೂ ಅಲ್ಲ. ಇವರಿಗೆ ಓದು ಕಲಿಸುವ ವಿದ್ಯೆ ತಲುಪಿಲ್ಲ.

ಈ ವಿದ್ಯೆ ಎಂದರೆ ಏನು? ಕೃಷ್ಣೆಯ ದಂಡೆಯ ಒಂದು ಶಾಲೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಎರಡನೆಯ ತರಗತಿಯ ಹುಡುಗಿ. ಕೈಯಲ್ಲಿ ಚಿತ್ರದ ಕಾರ್ಡು. ಕಾರ್ಡಿನ ಮೇಲೆ ಕೋಳಿ, ನೆಲದ ಮೇಲೆ ಚೆಲ್ಲಿದ ಜೋಳ. ಕೆಳಗೆ ಒಂದು ವಾಕ್ಯ: "ಕೋಳಿ ಕಾಳು ತಿನ್ನುತ್ತಿದೆ." ಹುಡುಗಿ ಬೆರಳಿಟ್ಟು ಓದಿದಳು. "ಕೋಳಿ ಕಾಳ ತಿನ್ನಾಕತ್ತೈತ್ರಿ ಅಕ್ಕೋರ."

ಇದು ತಪ್ಪೋ, ಸರಿಯೋ?

ತರಬೇತಿಯಿಲ್ಲದ ಕಿವಿಗೆ ಇದು ತಪ್ಪು. "ಪುಸ್ತಕದಾಗ ಇದ್ದಂಗ ಓದು" ಎಂದು ಗದರಿಸುವುದು ಸುಲಭ. ಆ ಶಿಕ್ಷಕಿ ಗದರಿಸಲಿಲ್ಲ. "ಹೌದವ್ವಾ, ಬರೋಬರಿ ಐತಿ, ಅದ ಮಾತು. ಈಗ ಇಲ್ಲಿ ಬೆರಳಿಡು. ಪುಸ್ತಕದವರು ಹೆಂಗ ಬರದಾರ, ನೋಡೂಣು" ಎಂದರು. ಹುಡುಗಿ ಮತ್ತೆ ಬೆರಳಿಟ್ಟಳು. "ತಿ" ಎಂದಳು. ನಿಂತಳು.

ಆ ನಿಂತ ಜಾಗದಲ್ಲಿ ಶಿಕ್ಷಕಿಗೆ ಎರಡು ಸಂಗತಿ ಗೊತ್ತಾದವು. ಒಂದು, ಹುಡುಗಿಗೆ ಅರ್ಥ ಪೂರ್ತಿ ಆಗಿದೆ. ಪುಸ್ತಕದ ಕನ್ನಡವನ್ನು ತನ್ನ ಮನೆಯ ಕನ್ನಡಕ್ಕೆ ತಿರುಗಿಸಿಕೊಂಡೇ ಓದಿದ್ದಾಳೆ. ಇನ್ನೊಂದು, "ತಿನ್ನುತ್ತಿದೆ" ಎಂಬ ಪದದಲ್ಲಿ ಎರಡು ಒತ್ತಕ್ಷರಗಳಿವೆ. ಮೊದಲ ಅಕ್ಷರ ನೋಡಿದಳು, ಚಿತ್ರ ನೋಡಿದಳು, ಉಳಿದದ್ದನ್ನು ಊಹಿಸಿದಳು. ಒತ್ತಕ್ಷರ ಅವಳಿಗಿನ್ನೂ ಬಂದಿಲ್ಲ. ಮರುದಿನ ಅವಳಿಗೆ ಏನು ಕಲಿಸಬೇಕೆಂದು ಅಲ್ಲೇ ತೀರ್ಮಾನವಾಯಿತು.

ಪಕ್ಕದಲ್ಲಿ ಒಬ್ಬ ಹುಡುಗ. ಮರಾಠಿ ಮನೆಯವನು. ಅದೇ ಕಾರ್ಡನ್ನು ಅಕ್ಷರಕ್ಕೆ ಅಕ್ಷರ ಓದಿದ. ಒಂದೂ ತಪ್ಪಿಲ್ಲ. ಆದರೆ "ಏನ್ ಮಾಡಾಕತ್ತೈತಪಾ ಅದು?" ಎಂದು ಕೇಳಿದರೆ ಸುಮ್ಮನಾದ. ಅವನಿಗೆ ಅಕ್ಷರಗಳು ಬಂದಿವೆ, ಕನ್ನಡದ ಮಾತು ಇನ್ನೂ ಬಂದಿಲ್ಲ. ಪರೀಕ್ಷೆಯ ಹಾಳೆಯಲ್ಲಿ ಈ ಹುಡುಗ ಪಾಸು, ಆ ಹುಡುಗಿ ನಪಾಸು. ನಿಜವಾಗಿ ಇಬ್ಬರಿಗೂ ಬೇರೆಬೇರೆ ಪಾಠ ಬೇಕು. ಹುಡುಗಿಗೆ ಒತ್ತಕ್ಷರದ ಆಟ. ಹುಡುಗನಿಗೆ ಕತೆ, ಹಾಡು, ಹರಟೆ, ಕನ್ನಡದಲ್ಲಿ ದಿನಾ ಮಾತು.

ಅಮೆರಿಕದ ಕೆನೆತ್ ಗುಡ್‌ಮನ್ ಎಂಬ ವಿದ್ವಾಂಸರು 1960ರ ದಶಕದಲ್ಲಿ ಇದನ್ನೇ ಶಾಸ್ತ್ರವಾಗಿ ಕಟ್ಟಿದರು. ಓದುವಾಗ ಮಗು ಮಾಡುವ ತಪ್ಪುಗಳನ್ನು ಗುರುತು ಹಾಕಿಕೊಂಡು, ಅದರ ತಲೆಯಲ್ಲಿ ಏನು ನಡೆದಿದೆ ಎಂದು ಓದುವ ಶಾಸ್ತ್ರ. ಅವರ ಎಲ್ಲ ತೀರ್ಮಾನಗಳನ್ನೂ ಮುಂದಿನವರು ಒಪ್ಪಲಿಲ್ಲ. ಅಕ್ಷರಗಳನ್ನು ಗಟ್ಟಿಯಾಗಿ ಕಲಿಸುವುದಕ್ಕೆ ಅವರು ಕೊಟ್ಟ ಮಹತ್ವ ಸಾಲದು ಎಂಬ ವಾದ ಇವತ್ತಿಗೂ ಬಲವಾಗಿದೆ. ನನ್ನ ಒಲವೂ ಆ ವಾದದ ಕಡೆಗೇ. ಆದರೆ ಮಗುವಿನ ತಪ್ಪನ್ನು ಕಿವಿಗೊಟ್ಟು ಕೇಳಬೇಕೆಂಬ ಅವರ ಪಾಠ ನಿಂತಿದೆ.

ಕೇಳುಗರೆ, ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಕನ್ನಡ ಓದು ಕಲಿಸುವುದು ಸಲೀಸಾದ ಕೆಲಸವಲ್ಲ. ಅದಕ್ಕೆ ಲಿಪಿಯ ಜ್ಞಾನ ಬೇಕು, ಮಗುವಿನ ಮನೆಮಾತಿನ ಜ್ಞಾನ ಬೇಕು, ತಪ್ಪನ್ನು ಅರ್ಥಮಾಡಿಕೊಳ್ಳುವ ಕಿವಿ ಬೇಕು. ಇನ್ನು ಕೇಳಬೇಕಾದ ಪ್ರಶ್ನೆ: ಈ ಜ್ಞಾನವನ್ನು ಶಿಕ್ಷಕರಿಗೆ ಕೊಡುವ ವ್ಯವಸ್ಥೆ ನಮ್ಮಲ್ಲಿ ಹೇಗೆ ಬೆಳೆಯಿತು?

ನಮ್ಮ ಭಾಗದಲ್ಲಿ ಅದಕ್ಕೆ ನೂರೈವತ್ತು ವರ್ಷ ಮೀರಿದ ಇತಿಹಾಸವಿದೆ. ಮುಂಬಯಿ ಇಲಾಖೆಯ ಕಾಲ. ಕನ್ನಡ ಮಾತಾಡುವ ಊರುಗಳಲ್ಲೂ ಶಾಲೆ ಮರಾಠಿಯದು, ಕಚೇರಿ ಮರಾಠಿಯದು. ಆಗ ಕನ್ನಡ ಶಾಲೆ ತೆರೆಯಲು ನಿಂತವರು ರಸೆಲ್ ಎಂಬ ಶಿಕ್ಷಣಾಧಿಕಾರಿ, ಅವರ ಜೊತೆಗೆ ಧಾರವಾಡದ ಚನ್ನಬಸಪ್ಪನವರು. ನಾವು ಡೆಪ್ಯುಟಿ ಚನ್ನಬಸಪ್ಪ ಎಂದು ಕರೆಯುವವರು. ಶೇಕ್ಸ್‌ಪಿಯರನ ಒಂದು ನಾಟಕವನ್ನು "ನಗದವರನ್ನು ನಗಿಸುವ ಕಥೆ" ಎಂದು ಕನ್ನಡಕ್ಕೆ ತಂದವರು ಅವರೇ. ಶಾಲೆ ತೆರೆದರೆ ಸಾಲದು, ಕಲಿಸುವವರನ್ನು ತಯಾರು ಮಾಡಬೇಕು ಎಂದು ಅವರಿಗೆ ಗೊತ್ತಿತ್ತು. ಶಿಕ್ಷಕರ ತರಬೇತಿ ಶಾಲೆಯನ್ನು ನಡೆಸಿದರು. ಬೆಳಗಾವಿಯ ನಾರ್ಮಲ್ ಶಾಲೆ, ಮುಂದೆ ಧಾರವಾಡದ ಟ್ರೇನಿಂಗ್ ಕಾಲೇಜು, ಹೀಗೆ ಬೆಳೆದ ಪರಂಪರೆ ಅದು. ಶಿಕ್ಷಕರಿಗಾಗಿಯೇ ಒಂದು ಪತ್ರಿಕೆ ಬೇಕೆಂದು 1860ರ ದಶಕದಲ್ಲೇ "ಮಠಪತ್ರಿಕೆ" ಹೊರಟಿತು. ಅದೇ ಮುಂದೆ "ಜೀವನ ಶಿಕ್ಷಣ"ವಾಯಿತು.

ಆಗಿನ ಕ್ರಮ ಸರಳ. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದರೆ ಮಾಸ್ತರಿಕೆ ಸಿಗುತ್ತಿತ್ತು. ಕೆಲ ವರ್ಷ ಕೆಲಸ ಮಾಡಿದ ಮೇಲೆ ಟ್ರೇನಿಂಗಿಗೆ ಹೋಗುವುದು. ಮುಲ್ಕಿ ಪಾಸಾದ ಮಾಸ್ತರರೆಂದರೆ ಊರಿಗೆ ಊರೇ ಗೌರವ. ಪತ್ರ ಓದಿ ಹೇಳುವವರು ಅವರು, ಅರ್ಜಿ ಬರೆದು ಕೊಡುವವರು ಅವರು. ಶೇಡಬಾಳದ ಮಿರ್ಜಿ ಅಣ್ಣಾರಾಯರನ್ನು ನೆನೆಯಿರಿ. ಈಗ ಕಾಗವಾಡ ತಾಲೂಕಿಗೆ ಸೇರಿದ ಊರು ಅದು. "ನಿಸರ್ಗ" ಕಾದಂಬರಿ ಬರೆದವರು. ಈ ಗಡಿಭಾಗದ ಮಾತಿಗೆ ಸಾಹಿತ್ಯದ ಗೌರವ ತಂದವರು. ಅವರ ವೃತ್ತಿ ಪ್ರಾಥಮಿಕ ಶಾಲೆಯ ಶಿಕ್ಷಕ ವೃತ್ತಿ. ಮಕ್ಕಳ ಬಾಯಲ್ಲಿ ಬರುವ ಮಾತನ್ನು ಕಿವಿಗೊಟ್ಟು ಕೇಳುವವರು ನಮ್ಮ ಶಾಲೆಗಳಲ್ಲಿ ಇದ್ದರು. ಅಂಥವರನ್ನು ತಯಾರು ಮಾಡುವ ಜಾಗಗಳೂ ಇದ್ದವು.

ಆಮೇಲಿನದು ಬೇಗ ಹೇಳಿ ಮುಗಿಸುತ್ತೇನೆ. ಶಿಕ್ಷಕರ ತರಬೇತಿಗೆ ಟಿ.ಸಿ.ಎಚ್. ಎಂಬ ಕೋರ್ಸು ಬಂತು. ಅದು ಡಿ.ಇಡಿ. ಆಯಿತು. ಈಗ ಡಿ.ಎಲ್.ಇಡಿ. ಪಿಯುಸಿ ಆದ ಮೇಲೆ ಎರಡು ವರ್ಷದ ಓದು. ಜಿಲ್ಲೆಗಳಲ್ಲಿ ಡಯಟ್‌ಗಳು, ಅಂದರೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಆದವು. 2015ರಿಂದ ಬಿ.ಇಡಿ. ಕೂಡ ಎರಡು ವರ್ಷದ್ದಾಯಿತು. ಟಿ.ಸಿ.ಎಚ್. ಸೀಟಿಗೆ ನೂಕುನುಗ್ಗಲು ಇದ್ದ ಕಾಲವನ್ನು ನಮ್ಮಲ್ಲಿ ಬಹಳ ಜನ ಕಂಡಿದ್ದಾರೆ. ಈಗ ಎಷ್ಟೋ ಡಿ.ಎಲ್.ಇಡಿ. ಕಾಲೇಜುಗಳು ಮುಚ್ಚಿವೆ.

2009ರಲ್ಲಿ ಶಿಕ್ಷಣ ಹಕ್ಕು ಕಾಯ್ದೆ ಬಂತು. ಅದರ ಬೆನ್ನಿಗೆ ಟಿ.ಇ.ಟಿ. ಎಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. ಕರ್ನಾಟಕದಲ್ಲಿ ಅದು ಶುರುವಾದದ್ದು 2014ರಲ್ಲಿ. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಒಂದು ದೊಡ್ಡ ಮಾತು ಹೇಳಿತು. ಒಂದರಿಂದ ಐದನೆಯ ತರಗತಿಗೆ ಕಲಿಸಲು ಬಿ.ಇಡಿ. ಸಾಲದು, ಸಣ್ಣ ಮಕ್ಕಳಿಗೆ ಕಲಿಸಲೆಂದೇ ಇರುವ ಡಿಪ್ಲೊಮಾ ಬೇಕು ಎಂದಿತು. ಆ ತೀರ್ಪಿನಿಂದ ನಮ್ಮ ಕಡೆಯ ಎಷ್ಟೋ ಬಿ.ಇಡಿ. ಪದವೀಧರರಿಗೆ ನಿರಾಸೆಯಾಯಿತು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಆ ತೀರ್ಪಿನ ತಿರುಳು ಸರಿ. ಸಣ್ಣ ಮಕ್ಕಳಿಗೆ ಕಲಿಸುವುದು ಬೇರೆಯೇ ವಿದ್ಯೆ ಎಂದು ದೇಶದ ಅತಿ ದೊಡ್ಡ ನ್ಯಾಯಾಲಯ ಒಪ್ಪಿತು.

2025ರ ಸೆಪ್ಟೆಂಬರ್ 1ರಂದು ಇನ್ನೊಂದು ತೀರ್ಪು. ಈಗಾಗಲೇ ಕೆಲಸದಲ್ಲಿರುವ ಶಿಕ್ಷಕರೂ ಟಿ.ಇ.ಟಿ. ಪಾಸಾಗಬೇಕು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದವರಿಗೆ ಎರಡು ವರ್ಷದ ಗಡುವು. ಈ ಸುದ್ದಿ ಬಂದ ಮೇಲೆ ಐವತ್ತರ ಆಸುಪಾಸಿನ ಶಿಕ್ಷಕರೂ ಗೈಡು ಹಿಡಿದು ಕೂತರು.

ಹಾಗಾದರೆ ಆ ಟಿ.ಇ.ಟಿ.ಯಲ್ಲಿ ಏನಿದೆ? ಒಂದರಿಂದ ಐದರವರೆಗಿನ ಶಿಕ್ಷಕರ ಪತ್ರಿಕೆಗೆ 150 ಅಂಕ. ಐದು ಭಾಗ, ಒಂದೊಂದಕ್ಕೆ 30. ಸಾಮಾನ್ಯ ವರ್ಗದವರು ಪಾಸಾಗಲು ನೂರಕ್ಕೆ 60ರಂತೆ ಪಡೆಯಬೇಕು. ಮೊದಲ ಭಾಷೆಯ ಮೂವತ್ತರಲ್ಲಿ ಅರ್ಧದಷ್ಟು ಪ್ರಶ್ನೆ ಗದ್ಯ, ಪದ್ಯ ಓದಿ ಉತ್ತರಿಸುವುದು. ಉಳಿದರ್ಧ ಭಾಷೆ ಕಲಿಸುವ ಬಗೆ. ಅಂದರೆ 150ರಲ್ಲಿ ಸುಮಾರು ಹದಿನೈದು. ಎಲ್ಲವೂ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಅದರ ವೃತ್ತವನ್ನು ಕಪ್ಪು ಮಾಡುವುದು.

ಟ್ರ್ಯಾಕ್ಟರ್ ಲೈಸೆನ್ಸಿಗೆ ಹೋದರೆ ಆರ್.ಟಿ.ಓ. ಕಚೇರಿಯವರು ಮೈದಾನದಲ್ಲಿ ಓಡಿಸಿ ತೋರಿಸು ಎನ್ನುತ್ತಾರೆ. ಬರೀ ಪ್ರಶ್ನೆಪತ್ರಿಕೆ ಬರೆದವನಿಗೆ ಲೈಸೆನ್ಸ್ ಕೊಡುವುದಿಲ್ಲ. ಟಿ.ಇ.ಟಿ.ಯಲ್ಲಿ ಮಾತ್ರ ಎದುರಿಗೆ ಮಗುವೇ ಇರುವುದಿಲ್ಲ. ಅದರಲ್ಲಿ ಪಾಸಾದವರು ಓದು ಕಲಿಸಲಾರರು ಎಂದಲ್ಲ. ಕಲಿಸಬಲ್ಲರೋ ಇಲ್ಲವೋ ಎಂಬುದು ಆ ಪರೀಕ್ಷೆಗೆ ಗೊತ್ತಾಗುವುದಿಲ್ಲ ಎಂದಷ್ಟೇ ನನ್ನ ಮಾತು.

ಮತ್ತೊಮ್ಮೆ ಹೇಳುತ್ತೇನೆ. ತರಬೇತಿಯ ಪರಂಪರೆ ನಮಗಿದೆ. ಡಿಪ್ಲೊಮಾ ಇದೆ, ಅರ್ಹತಾ ಪರೀಕ್ಷೆ ಇದೆ, ಕೋರ್ಟಿನ ತೀರ್ಪಿದೆ. ಆದರೆ ಓದು ಕಲಿಸುವ ವಿದ್ಯೆಯನ್ನೇ ಮುಖ್ಯವಾಗಿಟ್ಟು ನೋಡುವ ಪ್ರಮಾಣಪತ್ರ ಇದರಲ್ಲಿ ಯಾವುದೂ ಅಲ್ಲ. ಇನ್ನು ಒಂದು ಮೆಟ್ಟಿಲು ಮೇಲೆ ಹೋಗೋಣ. ಡಿ.ಎಲ್.ಇಡಿ. ವಿದ್ಯಾರ್ಥಿಗಳಿಗೆ ಕಲಿಸುವವರು ಯಾರು?

ಅವರು ಎಂ.ಇಡಿ. ಮಾಡಿದವರು. ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಅದೂ ಈಗ ಎರಡು ವರ್ಷ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇದೆ. ನಮ್ಮ ಬೆಳಗಾವಿ ಜಿಲ್ಲೆಗೆ 2010ರಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಎನ್.ಸಿ.ಇ.ಆರ್.ಟಿ. ನಡೆಸುವ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಿಂದ ಮೈಸೂರಿನಲ್ಲಿದೆ. ಭಾರತೀಯ ಭಾಷಾ ಸಂಸ್ಥಾನವೂ 1969ರಿಂದ ಅಲ್ಲೇ ಇದೆ. ಯಡೂರಿನ ಶಿಕ್ಷಕಿಗೆ ಮೈಸೂರು ಸುಮಾರು ಆರುನೂರು ಕಿಲೋಮೀಟರು.

ಎಂ.ಇಡಿ.ಯಲ್ಲಿ ತತ್ತ್ವಶಾಸ್ತ್ರವಿದೆ, ಮನಃಶಾಸ್ತ್ರವಿದೆ, ಸಮಾಜಶಾಸ್ತ್ರವಿದೆ, ಸಂಶೋಧನೆಯ ವಿಧಾನವಿದೆ. ಪ್ರಾಥಮಿಕ ಶಿಕ್ಷಣ, ಪ್ರೌಢಶಿಕ್ಷಣ ಎಂದು ವಿಶೇಷ ವಿಭಾಗಗಳೂ ಇವೆ. ಇವೆಲ್ಲ ಬೇಕು. ಆದರೆ ಆರು ವರ್ಷದ ಮಗು ಕನ್ನಡ ಓದು ಕಲಿಯುವ ಬಗೆಯನ್ನೇ ಎರಡು ವರ್ಷ ಕೂತು ಅಭ್ಯಾಸ ಮಾಡುವ ಸ್ನಾತಕೋತ್ತರ ಪದವಿ ನಮ್ಮ ಉತ್ತರ ಕರ್ನಾಟಕಕ್ಕೆ ಬೇಕು. ತರಬೇತಿ ಕೊಡುವವರಲ್ಲಿ ಬಹುಪಾಲು ಜನ ಪ್ರೌಢಶಾಲೆಯ ಹಿನ್ನೆಲೆಯವರು. ವಿದ್ವಾಂಸರು, ಶ್ರದ್ಧೆಯವರು. ಆದರೆ ಒಂದನೆಯ ತರಗತಿಯಲ್ಲಿ ಒಂದು ವರ್ಷ ಪೂರ್ತಿ ನಿಂತ ಅನುಭವ ಅವರಲ್ಲಿ ಅಪರೂಪ. ಇದು ಅವರ ತಪ್ಪಲ್ಲ. ಅಂಥ ಅನುಭವ ಬೇಕೆಂದು ನಿಯಮ ಕೇಳುವುದೇ ಇಲ್ಲ.

ಹೊರಗೆ ಹೇಗಿದೆ? ಫಿನ್ಲೆಂಡ್ ದೇಶದಲ್ಲಿ 1970ರ ದಶಕದ ಕೊನೆಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಸ್ನಾತಕೋತ್ತರ ಪದವಿ ಕಡ್ಡಾಯ. ಅಮೆರಿಕದಲ್ಲಿ ಓದು ಕಲಿಸುವುದಕ್ಕೇ ಮೀಸಲಾದ ಸ್ನಾತಕೋತ್ತರ ಪದವಿಗಳಿವೆ. ಅಲ್ಲಿನ ಹಲವು ರಾಜ್ಯಗಳು ಅದನ್ನು ಮುಗಿಸಿದವರಿಗೆ ಓದಿನ ತಜ್ಞರೆಂದು ಬೇರೆಯೇ ಪ್ರಮಾಣಪತ್ರ ಕೊಡುತ್ತವೆ. ಅವರು ಶಾಲೆಯಲ್ಲೇ ಇರುತ್ತಾರೆ. ಹಿಂದೆ ಬಿದ್ದ ಮಕ್ಕಳ ಜೊತೆ ಕೂರುತ್ತಾರೆ, ಉಳಿದ ಶಿಕ್ಷಕರಿಗೆ ನೆರವಾಗುತ್ತಾರೆ. ಅವರದನ್ನು ಹಾಗೇ ಎತ್ತಿ ತರಬೇಕೆಂದು ನಾನು ಹೇಳುವುದಿಲ್ಲ. ಇಂಗ್ಲಿಷಿನ ಓದಿನ ತೊಡಕು ಬೇರೆ, ಕನ್ನಡದ್ದು ಬೇರೆ. ನಮ್ಮ ಶಾಸ್ತ್ರವನ್ನು ನಾವೇ ಕಟ್ಟಬೇಕು.

ಕಟ್ಟಬಲ್ಲೆವು ಎನ್ನುವುದಕ್ಕೆ ನಲಿ-ಕಲಿ ಎಂಬ ಕಲಿಕೆಯ ಪದ್ಧತಿಯೇ ಸಾಕ್ಷಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಪ್ರಾಥಮಿಕ ಶಾಲೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ಅಲ್ಲಿನ ಕಾರ್ಡುಗಳ ಪದ್ಧತಿ ನೋಡಿ ಬಂದರು. ಯುನಿಸೆಫ್ ನೆರವಾಯಿತು. ಬಂದವರು ಕೂತು ಕನ್ನಡಕ್ಕೆ ಒಪ್ಪುವಂತೆ ತಾವೇ ಕಾರ್ಡು ಬರೆದರು. 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಅದು ಹಬ್ಬಿತು.

ನಲಿ-ಕಲಿ ಕೋಣೆಯನ್ನು ಕಾಣದವರಿಗೆ ಹೇಳುತ್ತೇನೆ. ಬೆಂಚುಗಳಿಲ್ಲ. ಮಕ್ಕಳು ನೆಲದ ಮೇಲೆ ಐದು ದುಂಡು ಗುಂಪುಗಳಲ್ಲಿ ಕೂರುತ್ತಾರೆ. ಆ ಗುಂಪುಗಳಿಗೆ ತಟ್ಟೆ ಎಂದು ಹೆಸರು. ಒಂದು ತಟ್ಟೆಯಲ್ಲಿ ಶಿಕ್ಷಕಿ ಕೂತು ಕಲಿಸುತ್ತಾರೆ. ಇನ್ನೊಂದರಲ್ಲಿ ಗೆಳೆಯರೇ ಗೆಳೆಯರಿಗೆ ಕಲಿಸುತ್ತಾರೆ. ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಬುಡದಲ್ಲಿ, ಮಗುವಿನ ಕೈಗೆಟುಕುವ ಎತ್ತರಕ್ಕೆ, ಉದ್ದಕ್ಕೂ ಹಲಗೆ. ತಲೆಯ ಮೇಲೆ ದಾರಗಳ ಚಪ್ಪರ, ಅದಕ್ಕೆ ಮಕ್ಕಳು ಬರೆದದ್ದನ್ನು ತೂಗಿ ಹಾಕುತ್ತಾರೆ.

ಅಕ್ಷರದ ಕ್ರಮವೂ ಬೇರೆ. ಅ ಆ ಇ ಈ ಅಲ್ಲ. ರ, ಗ, ಸ, ದ, ಅ. ಈ ಐದೇ ಅಕ್ಷರ ಬಂದರೆ ಸಾಕು, ಮಗು ಪದ ಓದುತ್ತದೆ. ಸರ. ಅರಸ. ಅಗಸ. ಗರಗಸ. ಕಾಗುಣಿತ ಬೇಡ, ಒತ್ತಕ್ಷರ ಬೇಡ. 49 ಅಕ್ಷರ ಮುಗಿಯುವವರೆಗೆ ಕಾಯದೆ, ಮಗುವಿಗೆ ಮೊದಲ ತಿಂಗಳುಗಳಲ್ಲೇ ಓದಿದ ಸಂತೋಷ ಸಿಗುತ್ತದೆ. ಈ ಕ್ರಮದ ಹಿಂದೆ ಬರೆಯುವ ಸುಲಭ, ಆಕಾರದ ಹೋಲಿಕೆ, ಪದ ಕಟ್ಟುವ ಅನುಕೂಲ ಎಲ್ಲದರ ಯೋಚನೆಯಿದೆ. ಶಿಕ್ಷಕರೇ ಯೋಚಿಸಿ ಮಾಡಿದ್ದು. ಇದು ಸ್ನಾತಕೋತ್ತರ ಮಟ್ಟದ ಕೆಲಸವೇ. ಆದರೆ ಅದಕ್ಕೆ ಯಾವ ಪದವಿಯೂ ಸಿಗಲಿಲ್ಲ.

ಮುಂದೆ ಏನಾಯಿತು? ಕಾರ್ಡುಗಳು ಎಲ್ಲ ಶಾಲೆಗೂ ಹೋದವು. ಕಾರ್ಡಿನ ಹಿಂದಿನ ಯೋಚನೆ ಅಷ್ಟು ದೂರ ಹೋಗಲಿಲ್ಲ. ಕೆಲವೇ ದಿನಗಳ ತರಬೇತಿಯಲ್ಲಿ ಅದನ್ನು ದಾಟಿಸುವುದು ಆಗದ ಮಾತು. ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಶಿಕ್ಷಕಿ ಒಬ್ಬರೇ, ಮೇಲೆ ದಾಖಲೆ ತುಂಬುವ ಕೆಲಸ. ಕಾರ್ಡು ಯಾಂತ್ರಿಕವಾಗಿ ತಿರುಗಲು ಶುರುವಾಯಿತು. ಯಾದಗಿರಿಯಲ್ಲಿ ಕನ್ನಡದ ಮಕ್ಕಳನ್ನು, ಮಹಾರಾಷ್ಟ್ರದ ವಾಡಾದಲ್ಲಿ ಮರಾಠಿ ಮಕ್ಕಳನ್ನು 2010ರ ದಶಕದಲ್ಲಿ ಕೆಲವು ವರ್ಷ ಬೆನ್ನುಹತ್ತಿ ನೋಡಿದ ಒಂದು ಅಧ್ಯಯನವಿದೆ. ಶೈಲಜಾ ಮೆನನ್ ಮತ್ತು ಸಂಗಡಿಗರು ಮಾಡಿದ್ದು. ಎರಡೂ ಕಡೆ ಅವರು ಕಂಡದ್ದು ಹೆಚ್ಚುಕಡಿಮೆ ಒಂದೇ. ಮೂರನೆಯ ತರಗತಿಗೆ ಬಂದರೂ ಬಹಳ ಮಕ್ಕಳು ಸಣ್ಣ ಪಾಠ ಓದಲಾರರು. ಪಾಠಕ್ರಮ ಎಷ್ಟು ಮುಖ್ಯವೋ, ಓದು ಹೇಗೆ ಬೆಳೆಯುತ್ತದೆ ಎಂಬ ಶಿಕ್ಷಕರ ತಿಳಿವಳಿಕೆಯೂ ಅಷ್ಟೇ ಮುಖ್ಯ ಎಂಬುದು ಅದರಿಂದ ಕಲಿಯಬೇಕಾದದ್ದು.

ಇದುವರೆಗೆ ಮೂರು ಮಾತು ಆಯಿತು. ಓದು ಕಲಿಸುವುದು ಒಂದು ವಿದ್ಯೆ. ನಮ್ಮ ಪ್ರಮಾಣಪತ್ರಗಳು ಆ ವಿದ್ಯೆಯನ್ನು ಪರೀಕ್ಷಿಸುವುದಿಲ್ಲ. ಆ ವಿದ್ಯೆಯನ್ನು ನಮ್ಮ ಶಿಕ್ಷಕರೇ ಕಟ್ಟಬಲ್ಲರು, ಕಟ್ಟಿ ತೋರಿಸಿದ್ದಾರೆ. ಉಳಿದದ್ದು ನನ್ನ ಬೇಡಿಕೆ.

ಕೆಲಸದಲ್ಲಿರುವ ಪ್ರಾಥಮಿಕ ಶಿಕ್ಷಕರಿಗೆ ಕನ್ನಡ ಓದು ಕಲಿಸುವುದರಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾ ಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಮತ್ತು ಡಯಟ್ ಕೂಡಿ ನಡೆಸಲಿ. ಕನ್ನಡದಲ್ಲೇ ಇರಲಿ, ಓದಬೇಕಾದ ಪುಸ್ತಕಗಳು, ಬರೆಯಬೇಕಾದ ಪ್ರಬಂಧ ಎಲ್ಲವೂ. ಪಾಠ ಚಿಕ್ಕೋಡಿಯಲ್ಲಿ ನಡೆಯಲಿ. ಚಿಕ್ಕೋಡಿ ಒಂದು ಶೈಕ್ಷಣಿಕ ಜಿಲ್ಲೆ, ಈ ಐದೂ ತಾಲೂಕುಗಳು ಅದರೊಳಗೇ ಇವೆ. ಅರ್ಧ ಓದು ಅಲ್ಲಿ, ಅರ್ಧ ತಮ್ಮ ಶಾಲೆಯ ಒಂದನೆಯ ತರಗತಿಯಲ್ಲಿ. ಆ ವರ್ಷ ಪೂರ್ತಿ ಸಂಬಳ ಬರಬೇಕು, ಗಣತಿ, ಚುನಾವಣೆಯ ಕೆಲಸಕ್ಕೆ ಕರೆಯಬಾರದು.

ಪರೀಕ್ಷೆ ಹೀಗಿರಲಿ. ಓದಲು ಬಾರದ ಐದಾರು ಮಕ್ಕಳನ್ನು ಶಿಕ್ಷಕಿಗೆ ಒಪ್ಪಿಸುವುದು. ನಾಲ್ಕೈದು ತಿಂಗಳು ಅವರ ಜೊತೆ ಕೆಲಸ. ಒಬ್ಬೊಬ್ಬರಿಗೂ ಒಂದೊಂದು ವಹಿ. ಇವತ್ತು ಎಲ್ಲಿ ನಿಂತಿತು, ನಾಳೆ ಏನು ಕೊಡಬೇಕು ಎಂಬ ಬರಹ. ಕೊನೆಗೆ ಪರೀಕ್ಷಕರು ಬಂದು ಮಕ್ಕಳ ಓದು ಕೇಳುವುದು, ವಹಿ ಓದುವುದು, ಶಿಕ್ಷಕಿಯನ್ನು ಮಾತಾಡಿಸುವುದು. ಎಲ್ಲ ಮಕ್ಕಳೂ ಸರಾಗ ಓದಲೇಬೇಕೆಂದಲ್ಲ. ಮಗು ಎಲ್ಲಿ ಎಡವುತ್ತಿದೆ ಎಂದು ಶಿಕ್ಷಕಿಗೆ ಗೊತ್ತಿರಬೇಕು. ಆಗ ಪ್ರಮಾಣಪತ್ರ ಕೊಡಲಿ. ಅದಕ್ಕೆ ತಕ್ಕ ವೇತನ ಬಡ್ತಿಯೂ ಸಿಗಲಿ. ಈಗ ನಮ್ಮ ಶಿಕ್ಷಕರು ದೂರಶಿಕ್ಷಣದಲ್ಲಿ ಎಂ.ಎ. ಮಾಡುವುದು ಮೇಲಿನ ತರಗತಿಗೆ ಹೋಗಲೆಂದು. ಒಂದನೆಯ ತರಗತಿಯಲ್ಲೇ ಇದ್ದು ಮೇಲೇರುವ ದಾರಿಯನ್ನು ನಾವು ತೆರೆದಿಲ್ಲ.

ಗಡಿಭಾಗಕ್ಕೆ ಈ ಡಿಪ್ಲೊಮಾದಲ್ಲಿ ಒಂದು ವಿಶೇಷ ಪಾಠ ಬೇಕೇ ಬೇಕು. ಮರಾಠಿ, ಉರ್ದು ಮನೆಯಿಂದ ಬಂದ ಮಗುವಿಗೆ ಕನ್ನಡ ಓದು ಕಲಿಸುವ ಪಾಠ. ಅಂಥ ಮಗುವಿಗೆ ಮೊದಲು ಮಾತು, ಆಮೇಲೆ ಅಕ್ಷರ. ಅವರ ಮನೆಮಾತನ್ನು ಕೋಣೆಯ ಹೊರಗೆ ನಿಲ್ಲಿಸಬೇಕಿಲ್ಲ. ಶಿಕ್ಷಕಿಗೆ ಎರಡೂ ಮಾತು ಬಂದರೆ ಅದು ದೊಡ್ಡ ಬಲ, ಮತ್ತು ನಮ್ಮ ಕಡೆಯ ಶಿಕ್ಷಕರಲ್ಲಿ ಬಹಳ ಜನಕ್ಕೆ ಎರಡೂ ಬರುತ್ತವೆ. ಗಡಿಯಾಚೆ, ಜತ್ತ ಮತ್ತು ಅಕ್ಕಲಕೋಟೆ ಕಡೆಯ ಕನ್ನಡ ಶಾಲೆಗಳ ಶಿಕ್ಷಕರಿಗೂ ಇಲ್ಲಿ ಸೀಟು ಕೊಡಬೇಕು. ಅವರ ತೊಂದರೆಯೂ ನಮ್ಮದೂ ಒಂದೇ ನಮೂನೆಯದು.

ಹೊಳೆಯ ಮಾತನ್ನೂ ಸೇರಿಸಬೇಕು. ಮಳೆಗಾಲದಲ್ಲಿ ಕೃಷ್ಣೆ ಏರಿದರೆ ಕಲ್ಲೋಳ-ಯಡೂರು ಬ್ಯಾರೇಜಿನ ಮೇಲೆ ನೀರು ಬರುತ್ತದೆ. ಆಚೆಯಿಂದ ಬರುವವರು ಸುತ್ತು ಹಾಕಿ ಬರಬೇಕು, ಇಲ್ಲವೇ ಬರಲಾಗುವುದಿಲ್ಲ. 2019ರ ಆಗಸ್ಟ್‌ನಲ್ಲಿ ದಂಡೆಯ ಊರುಗಳಿಗೇ ನೀರು ನುಗ್ಗಿತು. ಶಾಲೆಗಳು ಗಂಜಿ ಕೇಂದ್ರಗಳಾದವು. ಜೂನ್‌ನಲ್ಲಿ ಅಕ್ಷರ ಹಿಡಿಯಲು ಶುರುಮಾಡಿದ ಮಗು ಆಗಸ್ಟ್‌ನಲ್ಲಿ ವಾರಗಟ್ಟಲೆ ಶಾಲೆ ಬಿಟ್ಟರೆ ಬಂದದ್ದೂ ಹೋಗುತ್ತದೆ. ಮತ್ತೆ ಎಲ್ಲಿಂದ ಎತ್ತಿಕೊಳ್ಳಬೇಕೆಂದು ತಿಳಿದ ಶಿಕ್ಷಕರು ಇದ್ದರೆ ಆ ಮಗು ಉಳಿಯುತ್ತದೆ. ಕಬ್ಬಿನ ಗ್ಯಾಂಗಿನ ಜೊತೆ ನವೆಂಬರಿನಲ್ಲಿ ಬಂದು ಬೇಸಿಗೆಗೆ ಮರಳುವ ಮಗುವಿಗೂ ಇದೇ ಮಾತು.

2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ನಿಪುಣ್ ಭಾರತ್ ಯೋಜನೆ ಶುರುಮಾಡಿತು. ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ ತಿಳಿದು ಓದಬೇಕು, ಅದು 2026-27ರೊಳಗೆ ಆಗಬೇಕು ಎಂಬ ಗುರಿ. ಗುರಿ ಒಳ್ಳೆಯದು. ತರಬೇತಿಯ ವಿಡಿಯೊಗಳು ಫೋನಿಗೆ ಬರುತ್ತಿವೆ, ಪುಸ್ತಿಕೆಗಳು ಬರುತ್ತಿವೆ. ಆದರೆ ಮಗುವಿನ ಪಕ್ಕ ಕೂತು ಕಲಿತ ವಿದ್ಯೆಗೆ ವಿಡಿಯೊ ಸಮವಾಗುವುದಿಲ್ಲ. ಅಕ್ಕಪಕ್ಕದ ಶಾಲೆಗಳ ಗುಂಪಾದ ಪ್ರತಿ ಕ್ಲಸ್ಟರಿಗೆ ಈ ಡಿಪ್ಲೊಮಾ ಮುಗಿಸಿದ ಒಬ್ಬರೇ ಒಬ್ಬರು ಇದ್ದರೂ ಸಾಕು. ತಿಂಗಳಿನ ಸಮಾಲೋಚನಾ ಸಭೆಯಲ್ಲಿ ಸುತ್ತೋಲೆ ಓದುವ ಬದಲು, ಆ ಒಬ್ಬರು ಒಂದು ಮಗುವಿನ ಓದನ್ನು ಎಲ್ಲರಿಗೂ ಕೇಳಿಸಿ ಚರ್ಚೆ ಮಾಡಿಸಬಹುದು.

ಪಾಲಕರೇ, ಕೊನೆಯ ಮಾತು ನಿಮಗೆ. ನಿಮ್ಮೂರ ಶಾಲೆಗೆ ಎಸ್.ಡಿ.ಎಂ.ಸಿ. ಇದೆ. ಶಾಲಾಭಿವೃದ್ಧಿ ಸಮಿತಿ. ಅದರಲ್ಲಿ ಹೆಚ್ಚಿನವರು ಪಾಲಕರೇ. ಸಭೆಯಲ್ಲಿ ಕಂಪೌಂಡು, ನೀರಿನ ಟಾಕಿ, ಶೌಚಾಲಯದ ಮಾತಾಡುತ್ತೀರಿ. ಅವೂ ಬೇಕು. ಮುಂದಿನ ಸಭೆಯಲ್ಲಿ ಇನ್ನೆರಡು ಪ್ರಶ್ನೆ ಕೇಳಿ. "ಗುರುಗಳ, ಒಂದನೇತ್ತೆ ಯಾರು ನೋಡ್ಕೊಳ್ಳಾಕತ್ತಾರ? ಓದು ಕಲಿಸೂ ತರಬೇತಿ ಅವರಿಗೆ ಯಾವಾಗ ಆಗೈತಿ, ಎಷ್ಟು ದಿನ ಆಗೈತಿ?" ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಖ್ಯಗುರುಗಳ ಸಹಿಯೊಂದಿಗೆ ಒಂದು ಪ್ರತಿಯನ್ನು ಚಿಕ್ಕೋಡಿಯ ಬಿ.ಇ.ಓ. ಕಚೇರಿಗೆ, ಇನ್ನೊಂದನ್ನು ಡಯಟ್‌ಗೆ ಕಳಿಸಿ. ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದವರು ತಮ್ಮ ತಮ್ಮ ಕಚೇರಿಗೆ ಕಳಿಸಿ. ಹೊಸ ಕೋರ್ಸು ಬೇಕೆಂದು ವಿಶ್ವವಿದ್ಯಾಲಯವನ್ನು ಕೇಳುವಾಗ ಕಚೇರಿಯವರ ಕೈಯಲ್ಲಿ ಇಂಥ ನೂರು ನಡಾವಳಿಗಳಿರಲಿ.